ಗುರುತ್ವ ಮಸೂರದ ಚಿತ್ರಗಳಿಗೆ ಸರಿಯಾದ ಅಡಿಬರಹ ಕೊಡಿ

ಮಾನ್ಯ ಸಂಪಾದಕರೇ,

ದೂರದ ವಿಶ್ವದ ಚಿತ್ರವೊಂದು ಬಿಡುಗಡೆಯಾದರೆ ಕನ್ನಡ ಪತ್ರಿಕೆಗಳು ಅದಕ್ಕೆ ಧಾರಾಳವಾಗಿ ಜಾಗ ಕೊಡುತ್ತವೆ. ಸಂತೋಷ. ಆದರೆ ಚಿತ್ರದ ಕೆಳಗಿನ ಎರಡು ಸಾಲು ಓದಿದಾಗ ಬೇಸರವಾಗುತ್ತದೆ. ದೂರದರ್ಶಕದ ಹೆಸರಿರುತ್ತದೆ, ‘ಅತಿ ದೂರದ’, ‘ಅತಿ ಹಳೆಯ’ ಎಂಬ ವಿಶೇಷಣಗಳಿರುತ್ತವೆ. ನಡುವೆ ನಿಂತು ತನ್ನ ಗುರುತ್ವದಿಂದ ಆ ಬೆಳಕನ್ನು ಬಾಗಿಸಿ, ಹಿಗ್ಗಿಸಿ ಮಸೂರದಂತೆ ಕೆಲಸ ಮಾಡಿದ ಗೆಲಾಕ್ಸಿ ಗುಚ್ಛದ, ಅಂದರೆ ಗೆಲಾಕ್ಸಿಗಳ ದೊಡ್ಡ ಗುಂಪಿನ, ಸುದ್ದಿಯೇ ಇರುವುದಿಲ್ಲ. ಎಷ್ಟು ಪಟ್ಟು ಹಿಗ್ಗಿದೆ (ಇದೇ ವರ್ಧನೆ) ಎಂಬುದಂತೂ ಇಲ್ಲವೇ ಇಲ್ಲ. ಗೆಲಾಕ್ಸಿ ಎಷ್ಟು ದೊಡ್ಡದು, ಎಷ್ಟು ಪ್ರಕಾಶದ್ದು, ಅದರಲ್ಲಿ ಎಷ್ಟು ನಕ್ಷತ್ರಗಳಿವೆ ಎಂಬ ಲೆಕ್ಕವೆಲ್ಲ ಆ ಒಂದು ಸಂಖ್ಯೆಯಿಂದ ಭಾಗಿಸಿದ ಮೇಲೆ ಸಿಗುವಂಥದ್ದು. ಅದನ್ನು ಬಿಟ್ಟು ಉಳಿದದ್ದನ್ನು ಅಚ್ಚು ಹಾಕಬೇಡಿ ಎಂಬುದೇ ಈ ಪತ್ರದ ಅಹವಾಲು.

ಜೇಮ್ಸ್ ವೆಬ್ ದೂರದರ್ಶಕದ ಮೊದಲ ಆಳನೋಟದ ಚಿತ್ರವನ್ನೇ ತೆಗೆದುಕೊಳ್ಳಿ. ನಮ್ಮ ಗಡಿಯಾರದ ಪ್ರಕಾರ 2022ರ ಜುಲೈ 12ರ ಬೆಳಗಿನ ಜಾವ ಬಿಡುಗಡೆಯಾಯಿತು. ಅದರ ಜೊತೆ 460 ಕೋಟಿ ವರ್ಷ, 1310 ಕೋಟಿ ವರ್ಷ ಎಂಬ ಎರಡು ಸಂಖ್ಯೆಗಳು ಓಡಾಡುತ್ತವೆ, ಬೆಳಕು ನಮ್ಮನ್ನು ತಲುಪಲು ಹಿಡಿದ ಕಾಲ ಅದು. ಎರಡೂ ಸರಿಯೇ, ಏಕೆಂದರೆ ಆ ಚೌಕಟ್ಟಿನೊಳಗೆ ಮೂರು ಪದರಗಳಿವೆ. ಆರು ದೊಡ್ಡ ಮುಳ್ಳು, ಎರಡು ಚಿಕ್ಕ ಮುಳ್ಳು ಚಾಚಿಕೊಂಡು ಹೊಳೆಯುವವು ನಮ್ಮದೇ ಆಕಾಶಗಂಗೆಯ ನಕ್ಷತ್ರಗಳು. ಮುಳ್ಳುಗಳು ದೂರದರ್ಶಕದ ಕನ್ನಡಿ ಮತ್ತು ಊರುಗಾಲುಗಳಿಂದ ಆದವು, ನಕ್ಷತ್ರದಲ್ಲಿ ಇರುವಂಥವಲ್ಲ. ನಡುವೆ ಹಾಲು ಚೆಲ್ಲಿದಂತೆ ಮಸುಕಾಗಿ ಕಾಣುವ ಉಂಡೆಗಳು ಸ್ಮ್ಯಾಕ್ಸ್ 0723 ಎಂಬ ಗುಚ್ಛದ ಗೆಲಾಕ್ಸಿಗಳು. 460 ಕೋಟಿ ವರ್ಷ ಅನ್ವಯಿಸುವುದು ಇವಕ್ಕೆ. ಅವುಗಳ ಸುತ್ತ ಬಳೆಚೂರುಗಳಂತೆ ಬಾಗಿ ನಿಂತಿರುವ ಕೆಂಪು, ಕಿತ್ತಳೆ ಗೆರೆಗಳು ಇನ್ನೂ ಹಿಂದಿನವು, ಬೇರೆ ಬೇರೆ ದೂರದವು. ಹಿಂದಿನ ಆ ಪದರದಲ್ಲೇ 1310 ಕೋಟಿ ವರ್ಷ ಹಿಂದೆ ಹೊರಟ ಬೆಳಕೂ ಸೇರಿದೆ.

ಆ ಗೆರೆಗಳ ನಡುವೆ ಪುಟ್ಟದೊಂದು ಉದ್ದನೆಯ ಗೆಲಾಕ್ಸಿ ಇದೆ. ಅದರ ಸುತ್ತ ಹಳದಿ ಚುಕ್ಕೆಗಳು ಕಿಡಿಗಳ ಹಾಗೆ ಅಂಟಿಕೊಂಡಿವೆ. ಅದಕ್ಕೆ ಸ್ಪಾರ್ಕ್ಲರ್ ಎಂದು ಹೆಸರಿಟ್ಟಿದ್ದಾರೆ, ಅಂದರೆ ನಮ್ಮ ಸುರುಸುರುಬತ್ತಿ. ಕಿಡಿಗಳಲ್ಲಿ ಕೆಲವು ಆಗಲೇ ವಯಸ್ಸಾದ ಗೋಳಾಕಾರದ ನಕ್ಷತ್ರಗುಚ್ಛಗಳು ಎಂಬುದು ಅಧ್ಯಯನದ ತೀರ್ಮಾನ. ಆ ಗೆಲಾಕ್ಸಿ ಒಂದೇ ಚಿತ್ರದಲ್ಲಿ ಮೂರು ಕಡೆ ಕಾಣುತ್ತದೆ. ಪುಟಕ್ಕೆ ಹೊಂದಿಸಲು ಚಿತ್ರದ ಅಂಚು ಕತ್ತರಿಸಿದರೆ, ಇಲ್ಲವೇ ಅದರ ಮೇಲೆ ಶೀರ್ಷಿಕೆ ಕೂರಿಸಿದರೆ ಒಂದೇ ಗೆಲಾಕ್ಸಿಯ ಇಂಥ ಬಿಂಬಗಳೇ ಮೊದಲು ಹೋಗುವುದು. ವಿಜ್ಞಾನಿಗಳಿಗೆ ಆ ಚಿತ್ರದಲ್ಲಿ ಅತ್ಯಂತ ಬೆಲೆಯುಳ್ಳವು ಅವೇ.

ಗುಚ್ಛ ಹೀಗೆ ಬೆಳಕು ಬಾಗಿಸುವುದನ್ನು ವಿವರಿಸುವಾಗ ‘ಭೂತಗನ್ನಡಿಯಂತೆ’ ಎಂದು ಬರೆಯುವ ರೂಢಿ ಇದೆ. ಅರ್ಧ ಮಾತ್ರ ಸರಿ. ಭೂತಗನ್ನಡಿ ಅಂಚಿನ ಬೆಳಕನ್ನು ಹೆಚ್ಚು, ನಡುವಿನದನ್ನು ಕಡಿಮೆ ಬಾಗಿಸಿ ಎಲ್ಲವನ್ನೂ ಒಂದು ಬಿಂದುವಿಗೆ ತರುತ್ತದೆ. ಒಂದು ರಾಶಿಯ ಗುರುತ್ವ ಇದಕ್ಕೆ ತಿರುವುಮುರುವು, ಹತ್ತಿರ ಹಾದ ಕಿರಣ ಹೆಚ್ಚು ಬಾಗುತ್ತದೆ, ದೂರ ಹಾದದ್ದು ಕಡಿಮೆ. ಆದ್ದರಿಂದ ಅದಕ್ಕೆ ಒಂದೇ ನಾಭಿ ಎಂಬುದಿಲ್ಲ. ಮಕ್ಕಳಿಗೆ ತೋರಿಸಬೇಕಾದರೆ ಉದ್ದ ಕಾಲಿನ ಗಾಜಿನ ಲೋಟ ಒಡೆದಾಗ ಉಳಿಯುವ ದುಂಡು ಪಾದವನ್ನು ಎತ್ತಿಡಿ, ಮುರಿದ ತುದಿ ಉಜ್ಜಿ ಮೊಂಡಾಗಿಸಿ. ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯ ಒಂದು ಚುಕ್ಕೆ ಇಟ್ಟು, ಗಾಜನ್ನು ಹಾಳೆಯಿಂದ ಸ್ವಲ್ಪ ಮೇಲೆ ಹಿಡಿದು ನೋಡಿ. ಚುಕ್ಕೆ ಸರಿಯಾಗಿ ನಡುವಿಗೆ ಬಂದಾಗ ಉಂಗುರವಾಗುತ್ತದೆ, ಸ್ವಲ್ಪ ಸರಿಸಿದರೆ ಎರಡು ಕಮಾನಾಗಿ ಒಡೆಯುತ್ತದೆ. ಗ್ರಾಫಿನ ಚೌಕಗಳು ಹೇಗೆ ಸೊಟ್ಟಗಾದವು ಎಂಬುದನ್ನು ನೋಡಿ ಗಾಜಿನ ದಪ್ಪ ಎಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಖಗೋಳವಿಜ್ಞಾನಿಗಳು ಗುಚ್ಛದ ರಾಶಿಯನ್ನು ಅಳೆಯುವುದೂ ಇದೇ ಬಗೆಯಲ್ಲಿ.

ದೊಡ್ಡ ಗುಚ್ಛವೊಂದರ ರಾಶಿ ಸೂರ್ಯನ ರಾಶಿಯ ಹತ್ತು ಕೋಟಿ ಕೋಟಿ ಪಟ್ಟು. ಅದರ ಬಹುಪಾಲು ಕಣ್ಣಿಗೆ ಕಾಣದ ಕಪ್ಪುದ್ರವ್ಯ. ಇಷ್ಟಾದರೂ ಅದು ಕಟ್ಟುವ ಉಂಗುರದ ತ್ರಿಜ್ಯ ಸುಮಾರು 30 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್), ಹುಣ್ಣಿಮೆ ಚಂದ್ರನ ಅಗಲದ ಅರವತ್ತನೇ ಒಂದು ಭಾಗ. 1937ರಲ್ಲೇ ಖಗೋಳವಿಜ್ಞಾನಿ ಫ್ರಿಟ್ಸ್ ಝ್ವಿಕಿ ಗೆಲಾಕ್ಸಿಗಳೂ ಗುಚ್ಛಗಳೂ ಮಸೂರವಾಗಬಲ್ಲವು ಎಂದಿದ್ದರು. ಏಬೆಲ್ 370 ಗುಚ್ಛದಲ್ಲಿ ದೊಡ್ಡ ಕಮಾನು ಕಂಡದ್ದು ಎಂಬತ್ತರ ದಶಕದ ನಡುವಿನಲ್ಲಿ. 1988ರಲ್ಲಿ ಅದರ ರೋಹಿತ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು) ಪ್ರಕಟವಾದಾಗ ಕಮಾನಿನ ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ, ಹೆಚ್ಚಿದಷ್ಟೂ ದೂರ) 0.72, ಗುಚ್ಛದ್ದು 0.37 ಎಂದು ತಿಳಿದು, ಅದು ಹಿಂದಿನ ಗೆಲಾಕ್ಸಿಯೇ ಎಂಬುದು ನಿಂತಿತು.

ಲಾಭ ಎಷ್ಟು ಎಂಬುದನ್ನು ಲೆಕ್ಕದಲ್ಲಿ ನೋಡಬೇಕು. ಮಸೂರ ಬೆಳಕನ್ನು ಹುಟ್ಟಿಸುವುದಿಲ್ಲ. ಚಿತ್ರದ ವಿಸ್ತೀರ್ಣ ಹಿಗ್ಗುತ್ತದೆ, ಪ್ರತಿ ಚದರ ಆರ್ಕ್‌ಸೆಕೆಂಡಿನ ಪ್ರಕಾಶ ಮೊದಲಿನಷ್ಟೇ ಉಳಿಯುತ್ತದೆ, ಒಟ್ಟು ಬೆಳಕು ಹೆಚ್ಚುತ್ತದೆ. ಚುಕ್ಕೆಯಷ್ಟೇ ಕಾಣುವ ಮಂಕು ಗೆಲಾಕ್ಸಿ 10 ಪಟ್ಟು ವರ್ಧಿಸಿತು ಎನ್ನಿ. ಆಕಾಶದ ಹಿನ್ನೆಲೆ ಬೆಳಕೇ ಅಡ್ಡಿಯಾಗಿರುವಾಗ ಅದೇ ಸ್ಪಷ್ಟತೆಯನ್ನು ಮಸೂರವಿಲ್ಲದೆ ಪಡೆಯಲು 100 ಪಟ್ಟು ಸಮಯ ಬೇಕು. ವೆಬ್‌ನ ಆ ಮೊದಲ ಚಿತ್ರಕ್ಕೆ ಹಿಡಿದದ್ದು 12.5 ಗಂಟೆ. ಅದರ ನೂರು ಪಟ್ಟು ಎಂದರೆ ಐವತ್ತೆರಡು ದಿನ ಬಿಡುವಿಲ್ಲದೆ ಒಂದೇ ಕಡೆ ನೋಡಬೇಕು. ಇದಕ್ಕೆ ತೆರುವ ಬೆಲೆಯೂ ಇದೆ. 10 ಪಟ್ಟು ವರ್ಧನೆಯಾದ ಕಡೆ ನಿಜವಾಗಿ ಕಾಣುವ ಆಕಾಶ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಂಕು ಗೆಲಾಕ್ಸಿಗಳು ಸಿಗುತ್ತವೆ, ಅಪರೂಪದ ದೊಡ್ಡವು ತಪ್ಪಿಹೋಗುತ್ತವೆ.

ವರ್ಧನೆ ಎಷ್ಟೆಂದು ಕಂಡುಹಿಡಿಯುವುದೇ ಕಷ್ಟದ ಭಾಗ. ಮೊದಲು ಹಲವು ಫಿಲ್ಟರುಗಳಲ್ಲಿ ಚಿತ್ರ ತೆಗೆದು, ಗುಚ್ಛದ ಗೆಲಾಕ್ಸಿಗಳ ಬೆಳಕನ್ನೂ ಅವುಗಳ ನಡುವೆ ಹರಡಿದ ಮಬ್ಬು ಬೆಳಕನ್ನೂ ಕಳೆಯಬೇಕು. ಇಲ್ಲಿ ಸರಿಯಾಗಿ ಕಳೆಯದೆ ಉಳಿದ ಕಲೆಯೇ ಮುಂದೆ ‘ದೂರದ ಗೆಲಾಕ್ಸಿ’ಯಾಗಿ ಕಾಣಿಸಿಕೊಳ್ಳಬಹುದು. ಆಮೇಲೆ ಒಂದೇ ಗೆಲಾಕ್ಸಿಯ ಬಿಂಬಗಳನ್ನು ಗುರುತಿಸಬೇಕು. ಬಣ್ಣ ಒಂದೇ ಇರಬೇಕು, ಗಂಟುಗಳ ಸಾಲು ಒಂದೇ ಇರಬೇಕು, ಪಕ್ಕಪಕ್ಕದ ಎರಡು ಬಿಂಬಗಳು ಎಡಗೈ ಬಲಗೈಗಳಂತೆ ಅದಲುಬದಲಾಗಿರಬೇಕು. ನಂತರ ರೋಹಿತ. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಮ್ಯೂಸ್ ಉಪಕರಣ ಒಂದು ಆರ್ಕ್‌ಮಿನಿಟ್ ಚೌಕದೊಳಗಿನ ಪ್ರತಿ ಬಿಂದುವಿನ ರೋಹಿತವನ್ನು ಒಟ್ಟಿಗೆ ಕೊಡುವುದರಿಂದ ಈ ಕೆಲಸ ಎಷ್ಟೋ ಹಗುರವಾಗಿದೆ. ಕೊನೆಗೆ ಕಪ್ಪುದ್ರವ್ಯದ ಒಂದೆರಡು ದೊಡ್ಡ ರಾಶಿ, ಪ್ರತಿ ಸದಸ್ಯ ಗೆಲಾಕ್ಸಿಗೆ ಅದರ ಪ್ರಕಾಶಕ್ಕೆ ತಕ್ಕ ಚಿಕ್ಕ ರಾಶಿ ಎಂದು ಇಟ್ಟುಕೊಂಡು, ಲೆಕ್ಕದ ಬಿಂಬಗಳು ನಿಜವಾದ ಬಿಂಬಗಳ ಮೇಲೆ ಬಂದು ಕೂರುವ ತನಕ ತಿದ್ದುತ್ತಾ ಹೋಗುತ್ತಾರೆ. ಅರ್ಧ ಆರ್ಕ್‌ಸೆಕೆಂಡಿನ ಆಸುಪಾಸಿಗೆ ಬಂದರೆ ಒಳ್ಳೆಯ ಮಾದರಿ.

ತಪ್ಪುವುದೂ ಇಲ್ಲೇ. ಬೇರೆ ಬೇರೆ ಎರಡು ಗೆಲಾಕ್ಸಿಗಳನ್ನು ಒಂದರ ಬಿಂಬಗಳೆಂದು ಜೋಡಿಸಿದರೆ ಇಡೀ ನಕ್ಷೆ ವಾಲುತ್ತದೆ. ಎಲ್ಲ ಬಿಂಬಗಳೂ ಒಂದೇ ದೂರದವಾದರೆ ಗುಚ್ಛದ ಮೇಲೆ ಸಮನಾದ ರಾಶಿಯ ಹಾಳೆಯೊಂದನ್ನು ಹೊದಿಸಿ, ಉಳಿದ ರಾಶಿಯನ್ನು ತಕ್ಕಷ್ಟು ತಗ್ಗಿಸಿದರೂ ಬಿಂಬಗಳು ಅಲ್ಲೇ ಕೂರುತ್ತವೆ, ವರ್ಧನೆ ಮಾತ್ರ ಬದಲಾಗಿಬಿಡುತ್ತದೆ. ಬೇರೆ ಬೇರೆ ಕೆಂಪು ಪಲ್ಲಟದ ಗೆಲಾಕ್ಸಿಗಳು ಬೇಕೇ ಬೇಕು ಎನ್ನುವುದು ಇದಕ್ಕೇ. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಎರಡು ನಕಲಿ ಗುಚ್ಛಗಳನ್ನು ಉತ್ತರ ಹೇಳದೆ ಹಲವು ತಂಡಗಳ ಮುಂದಿಟ್ಟ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಿಜವಾದ ವರ್ಧನೆ 3 ಇದ್ದಲ್ಲಿ ಉತ್ತರ ಸುಮಾರು ಶೇ 10ರೊಳಗೆ ಸರಿ ಬಂತು, 10 ಇದ್ದಲ್ಲಿ ತಪ್ಪು ಶೇ 30ಕ್ಕೆ ಏರಿತು. ವರ್ಧನೆ ಅಪರಿಮಿತವಾಗುವ ಗೆರೆಯ ಹತ್ತಿರ ಹೋದಷ್ಟೂ ಅನಿಶ್ಚಿತತೆ ಹೆಚ್ಚು. 2022ರಲ್ಲಿ ‘ಅತಿ ದೂರದ ನಕ್ಷತ್ರ’ ಎಂದು ಸುದ್ದಿಯಾದ ಎರೆಂಡೆಲ್ ಇರುವುದು ಹೆಚ್ಚುಕಡಿಮೆ ಆ ಗೆರೆಯ ಮೇಲೇ. ಅದರ ವರ್ಧನೆಯನ್ನು ಸಾವಿರಗಳಲ್ಲಿ ಹೇಳಬೇಕು, ಅದೂ ದೊಡ್ಡ ಅಂತರವಿಟ್ಟು. ಹೀಗಿರುವಾಗ ಅದರ ರಾಶಿಯನ್ನು ಒಂದೇ ಸಂಖ್ಯೆಯಲ್ಲಿ ಅಚ್ಚು ಹಾಕುವುದು ಓದುಗರಿಗೆ ಮಾಡುವ ಅನ್ಯಾಯ.

ಹಾಗೆಂದು ಇದೆಲ್ಲ ಬರೀ ಊಹೆ ಎಂದು ಯಾರೂ ತಿಳಿಯಬಾರದು. ಮ್ಯಾಕ್ಸ್ ಜೆ1149 ಗುಚ್ಛದ ಹಿಂದೆ, ಕೆಂಪು ಪಲ್ಲಟ 1.49ರಲ್ಲಿ, ಒಂದು ಸುರುಳಿ ಗೆಲಾಕ್ಸಿ ಇದೆ. 2014ರ ನವೆಂಬರಿನಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಅದರೊಳಗಿನ ಒಂದು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ಸಿಕ್ಕಿತು. ಗುಚ್ಛದ ಒಂದು ಗೆಲಾಕ್ಸಿಯ ಸುತ್ತ ನಾಲ್ಕು ಚುಕ್ಕೆಗಳಾಗಿ, ಶಿಲುಬೆಯ ಆಕಾರದಲ್ಲಿ. ಇಂಥ ಸ್ಫೋಟದ ಬಿಂಬಗಳ ನಡುವಿನ ಕಾಲವ್ಯತ್ಯಾಸದಿಂದ ವಿಶ್ವ ಹಿಗ್ಗುವ ವೇಗ ಅಳೆಯಬಹುದು ಎಂದು 1964ರಲ್ಲೇ ತೋರಿಸಿದ್ದ ನಾರ್ವೆಯ ಶೂರ್ ರೆಫ್ಸ್‌ಡಾಲ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಸುರುಳಿ ಗೆಲಾಕ್ಸಿಗೆ ಇನ್ನೂ ಎರಡು ಬಿಂಬಗಳಿದ್ದವು. ಮಾದರಿಗಳು ಹೇಳಿದ್ದು ಇಷ್ಟು: ಒಂದರಲ್ಲಿ ಸ್ಫೋಟ ಎಂದೋ ಕಂಡು ಮುಗಿದಿದೆ, ಆಗ ಯಾರೂ ನೋಡಿಲ್ಲ. ಇನ್ನೊಂದರಲ್ಲಿ ಇನ್ನೂ ಕಾಣಬೇಕಿದೆ, ಸುಮಾರು ಒಂದು ವರ್ಷ ಕಾಯಿರಿ. ತಂಡಗಳು ತಮ್ಮ ತಮ್ಮ ದಿನಾಂಕಗಳನ್ನು ಮೊದಲೇ ಪ್ರಕಟಿಸಿ ಕಾದವು. 2015ರ ಡಿಸೆಂಬರ್ 11ರಂದು ಹಬಲ್ ತೆಗೆದ ಚಿತ್ರದಲ್ಲಿ ಹೇಳಿದ ಜಾಗದಲ್ಲೇ ಐದನೇ ಚುಕ್ಕೆ ಕಂಡಿತು. ನಂತರದ ಅಳತೆಯಲ್ಲಿ ಮೊದಲ ಬಿಂಬಕ್ಕೂ ಇದಕ್ಕೂ ನಡುವಿನ ಅಂತರ 376 ದಿನ, ತಪ್ಪಿನ ಮಿತಿ ಆರು ದಿನಕ್ಕೂ ಕಡಿಮೆ. 930 ಕೋಟಿ ವರ್ಷದ ದಾರಿಯಲ್ಲಿ ಒಂದೇ ಸ್ಫೋಟದ ಬೆಳಕು ಎರಡು ಹಾದಿ ಹಿಡಿದು, 376 ದಿನ ಹಿಂದುಮುಂದಾಗಿ ಬಂತು! ಒಂದು ಹಾದಿ ಉದ್ದ, ಜೊತೆಗೆ ಆಳವಾದ ಗುರುತ್ವದಲ್ಲಿ ಹಾದ ಬೆಳಕಿಗೆ ಇನ್ನಷ್ಟು ತಡ. ಇದರಿಂದ 2023ರಲ್ಲಿ ಸಿಕ್ಕಿದ ಹಬಲ್ ಸ್ಥಿರಾಂಕ, ಅಂದರೆ ವಿಶ್ವ ಹಿಗ್ಗುವ ವೇಗ, ಅತ್ಯುತ್ತಮ ಎರಡು ಮಾದರಿಗಳ ಪ್ರಕಾರ, ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಸೆಕೆಂಡಿಗೆ 66.6 ಕಿ.ಮೀ., ಸುಮಾರು ನಾಲ್ಕರಷ್ಟು ಅತ್ತಿತ್ತ. ಸಿದ್ಧಾಂತದ ಗೆಲುವು ಎಂದರೆ ಇದು. ಇಂಥ ಸುದ್ದಿ ಒಳಪುಟದ ಮೂಲೆಯಲ್ಲಿ ಮೂರು ಸಾಲಾಗಿ ಮುಗಿಯಬಾರದು.

ಪದಗಳ ಬಗ್ಗೆಯೂ ಒಂದು ಮಾತು. ಗೆಲಾಕ್ಸಿಗೂ ‘ನಕ್ಷತ್ರಪುಂಜ’, ಗೆಲಾಕ್ಸಿ ಗುಚ್ಛಕ್ಕೂ ‘ನಕ್ಷತ್ರಪುಂಜ’, ಸಪ್ತರ್ಷಿಮಂಡಲಕ್ಕೂ ‘ನಕ್ಷತ್ರಪುಂಜ’ ಎಂದು ಬರೆದರೆ ಯಾವುದು ಯಾವುದರ ಮುಂದೆ ನಿಂತಿದೆ ಎಂದು ಓದುಗರು ತಿಳಿಯುವುದು ಹೇಗೆ? ಗೆಲಾಕ್ಸಿ, ಗೆಲಾಕ್ಸಿ ಗುಚ್ಛ, ನಕ್ಷತ್ರಪುಂಜ ಎಂದು ಮೂರನ್ನೂ ಬೇರೆಯಾಗಿ ಇಟ್ಟುಕೊಳ್ಳಿ. ಬಿಲಿಯನ್ ಎಂದರೆ 100 ಕೋಟಿ. ಅನುವಾದದ ಅವಸರದಲ್ಲಿ ಒಂದು ಸೊನ್ನೆ ಬಿದ್ದುಹೋದರೆ 1310 ಕೋಟಿ 131 ಕೋಟಿಯಾಗುತ್ತದೆ. ಬೆಳಕು ಪಯಣಿಸಿದ ಕಾಲವನ್ನು ‘ಇಷ್ಟು ಜ್ಯೋತಿರ್ವರ್ಷ ದೂರ’ ಎಂದು ಬರೆಯುವುದೂ ತಪ್ಪು, ಏಕೆಂದರೆ ಬೆಳಕು ಬರುವಷ್ಟರಲ್ಲಿ ನಡುವಿನ ಜಾಗವೇ ಹಿಗ್ಗಿರುತ್ತದೆ. ಕೆಂಪು ಪಲ್ಲಟ ಬಂದದ್ದು ರೋಹಿತದಿಂದಲೋ ಬರೀ ಬಣ್ಣದ ಅಂದಾಜಿನಿಂದಲೋ ಎಂಬುದನ್ನು ಒಂದು ಪದದಲ್ಲಿ ಹೇಳಿ. ಬಣ್ಣದ ಅಂದಾಜಿನಲ್ಲಿ ಹತ್ತಿರದ ಧೂಳುಮಯ ಗೆಲಾಕ್ಸಿಯೂ ಅತಿ ದೂರದ್ದರಂತೆ ಕಾಣಬಲ್ಲದು.

ಇವೆಲ್ಲಕ್ಕೂ ಜಾಗವೆಲ್ಲಿದೆ ಎಂದು ಸುದ್ದಿಮನೆಯವರು ಕೇಳಬಹುದು. ರೆಫ್ಸ್‌ಡಾಲ್ ಚಿತ್ರಕ್ಕೆ ಇಂಥದೊಂದು ಅಡಿಬರಹ ಎರಡು ಕಾಲಂನಲ್ಲಿ ಆರಾಮವಾಗಿ ಹಿಡಿಯುತ್ತದೆ (ಗಾತ್ರ, ಪ್ರಕಾಶದ ಲೆಕ್ಕ ಇದರಲ್ಲಿ ಇಲ್ಲದ್ದರಿಂದ ವರ್ಧನೆಯನ್ನೂ ಬಿಟ್ಟಿದ್ದೇನೆ):

‘ಮ್ಯಾಕ್ಸ್ ಜೆ1149 ಗೆಲಾಕ್ಸಿ ಗುಚ್ಛ, ಬೆಳಕಿನ ಪಯಣ 500 ಕೋಟಿ ವರ್ಷಕ್ಕೂ ಹೆಚ್ಚು. ಅದರ ಹಿಂದಿನ ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾ (ಸುಮಾರು 930 ಕೋಟಿ ವರ್ಷ, ರೋಹಿತದಿಂದ ಖಚಿತ) ಗುಚ್ಛದ ಗುರುತ್ವದಿಂದಾಗಿ ನಾಲ್ಕು ಕಡೆ ಕಾಣುತ್ತಿದೆ. ಐದನೆಯದು ಬಾಣದ ಗುರುತಿನ ಜಾಗದಲ್ಲಿ, 376 ದಿನ ತಡವಾಗಿ. ಚಿತ್ರ: ಹಬಲ್ ದೂರದರ್ಶಕ, ಅಂಚು ಕತ್ತರಿಸಿಲ್ಲ.’

ಇತಿ,
ನಿಮ್ಮ ಓದುಗ, ಮೈಸೂರು