ಗೋಕರ್ಣದ ಗುಡ್ಡದ ಕಾಲುದಾರಿ ಬಗ್ಗೆ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಗೋಕರ್ಣದ ಕುಡ್ಲೆ ಬೀಚಿನಿಂದ ಓಂ ಬೀಚಿಗೆ, ಅಲ್ಲಿಂದ ಮುಂದೆ ಹಾಫ್ ಮೂನ್ ಬೀಚಿಗೆ ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಇದೆಯಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಆ ದಾರಿ ಕಾಲುದಾರಿಯಾಗಿಯೇ ಉಳಿಯಲಿ. ಆದರೆ ಅದನ್ನು ನೋಡಿಕೊಳ್ಳುವವರು ಅಂತ ಯಾರಾದರೂ ಇರಲಿ. ನಾನು ಕೇಳುವುದು ಇಷ್ಟೇ.

ಇವು ದೊಡ್ಡ ಗುಡ್ಡಗಳೇನಲ್ಲ. ಅದಕ್ಕೇ ಇರಬೇಕು, ಇದನ್ನು ಯಾರೂ ಚಾರಣ ಅಂದುಕೊಳ್ಳುವುದಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಹೊರಟುಬಿಡುತ್ತಾರೆ. ಚಿರೇಕಲ್ಲಿನ, ಅಂದರೆ ಇಲ್ಲಿನ ಕೆಂಪು ಕಲ್ಲಿನ, ಬಂಡೆ ತೂತು ತೂತಾಗಿ, ಒರಟಾಗಿ ಎದ್ದಿರುವ ಕಡೆ ಕಾಲಿಗೆ ಹಿಡಿತ ಸಿಗುತ್ತದೆ, ಅಲ್ಲಿ ಭಯವಿಲ್ಲ. ಅದೇ ಕಲ್ಲು ಸವೆದು ಉದುರಿದ ಸಣ್ಣ ಸಣ್ಣ ಉರುಟು ಹರಳು ಇಳಿಜಾರಿನ ಗಟ್ಟಿ ಮಣ್ಣಿನ ಮೇಲೆ ಹರಡಿರುತ್ತದೆ ನೋಡಿ, ಅಲ್ಲಿ ಕಾಲಿಟ್ಟರೆ ಗೋಲಿಗಳ ಮೇಲೆ ನಿಂತ ಹಾಗೆ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಬೇರೆ. ಆಗ ಪ್ರವಾಸಿ ದೋಣಿಗಳೂ ಓಡುವುದಿಲ್ಲ, ಹಾಫ್ ಮೂನ್‌ಗೆ ಹೋಗಲೇಬೇಕು ಅನ್ನುವವರಿಗೆ ಉಳಿಯುವುದು ಇದೇ ದಾರಿ.

ಇನ್ನೂ ಅಪಾಯದ್ದು ಗುಡ್ಡದ ಅಂಚು. ಫೋಟೋಗೆ ಎಲ್ಲರೂ ಹೋಗಿ ನಿಲ್ಲುವುದು ಅಲ್ಲೇ ಅಲ್ವಾ? ಇಂಥ ಕೆಂಪು ಕಲ್ಲಿನ ಗುಡ್ಡಗಳಲ್ಲಿ ಮೇಲಿನ ಪದರ ಗಾಳಿ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಕೆಳಗಿಳಿದ ಹಾಗೆ ಕಲ್ಲು ಮೆತ್ತಗಾಗುತ್ತ ಶೇಡಿ ಮಣ್ಣಿನಂತೆ, ಅಂದರೆ ನುಣುಪಾದ ಜೇಡಿಯಂತೆ ಆಗುತ್ತದೆ. ಮಳೆನೀರಾಗಲಿ ಅಲೆಯಾಗಲಿ ಮೊದಲು ಕೊರೆಯುವುದು ಆ ಮೆತ್ತಗಿನ ಭಾಗವನ್ನೇ. ಹಾಗಾಗಿ ನಿಂತವರಿಗೆ ಭದ್ರ ಬಂಡೆಯಂತೆ ಕಾಣುವ ಜಾಗದ ಅಡಿ ಪೊಳ್ಳಾಗಿರಬಹುದು. ಇದು ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ಹೇಳುವವರು ಬೇಕು.

ಅಪಾಯ ಅಂದ ಕೂಡಲೇ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ದಾರಿ ಮುಚ್ಚಿ, ಇಲ್ಲವಾದರೆ ಕಾಂಕ್ರೀಟ್ ಮೆಟ್ಟಿಲು ಕಟ್ಟಿ ರೇಲಿಂಗ್ ಹಾಕಿ. ದಯವಿಟ್ಟು ಎರಡೂ ಬೇಡ. ಮುಚ್ಚಿದರೆ ಜನ ಸುತ್ತಿ ಬಳಸಿ ಇನ್ನೂ ಕೆಟ್ಟ ಜಾಗದಲ್ಲಿ ಹತ್ತುತ್ತಾರೆ. ಕಾಂಕ್ರೀಟಿಗೋ, ಸಮುದ್ರದ ಪಕ್ಕ ಬಾಳಿಕೆ ಕಡಿಮೆ. ಉಪ್ಪಿನಂಶ ಒಳಗಿಳಿದು ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಒಳಗೆ ತುಕ್ಕು ತಿಂದ ರೇಲಿಂಗಂತೂ ಇಲ್ಲದ್ದಕ್ಕಿಂತ ಅಪಾಯ, ಯಾಕೆಂದರೆ ಜನ ಅದನ್ನು ನಂಬಿ ಒರಗುತ್ತಾರೆ.

ಮೆಟ್ಟಿಲು ಕೂರಿಸಬೇಕಾದರೆ ಗುಡ್ಡ ಕಡಿಯಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಅದು ಹೆದ್ದಾರಿ ಬದಿಯ ದೊಡ್ಡ ಗುಡ್ಡ, ಎರಡೂ ಒಂದೇ ಅನ್ನುತ್ತಿಲ್ಲ. ಆದರೆ ಇಳಿಜಾರನ್ನು ಕಡಿದು, ನೀರು ಹರಿಯುವ ದಾರಿ ಕೆಡಿಸಿದರೆ ಮಣ್ಣು ನಿಲ್ಲುವುದಿಲ್ಲ ಅನ್ನುವುದು ಸಣ್ಣ ಗುಡ್ಡಕ್ಕೂ ನಿಜ. ಅಲ್ಲದೆ ಸಮುದ್ರದ ಪಕ್ಕ ಕಟ್ಟುವ ಕೆಲಸಕ್ಕೆ ಮಿತಿ ಹಾಕುವ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ತನಕ ಅನ್ವಯಿಸುತ್ತದೆ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈ ಏರು ಹತ್ತಿದವರಿಗೆ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ ಸರ್. ಕೆಳಗೆ ಮರಳಿನಲ್ಲಿ ನಿಂತವರಿಗೆ ಓಂ ಬೀಚು ಬರೀ ಬೀಚು. ಬೆವರು ಸುರಿಸಿ ಮೇಲೆ ಬಂದಾಗ ತಟ್ಟನೆ ಗಾಳಿ ಬೀಸುತ್ತದೆ, ಎರಡು ಅರ್ಧಚಂದ್ರ, ನಡುವೆ ಸಮುದ್ರಕ್ಕೆ ಚಾಚಿದ ಕಪ್ಪು ಬಂಡೆ, ಆ ‘ಓಂ’ ಅಕ್ಷರ ಕಣ್ಣಿಗೆ ಬೀಳುತ್ತದೆ. ನಡೆದು ಬಂದವರು ಅದನ್ನು ನೋಡುತ್ತ ಸುಮ್ನೆ ನಿಂತುಬಿಡುತ್ತಾರೆ. ಇದನ್ನು ಕಳೆದುಕೊಳ್ಳಬಾರದು.

ಹಾಗಾದರೆ ಏನು ಮಾಡಬಹುದು? ದಾರಿಯ ಎರಡೂ ತುದಿಯಲ್ಲಿ ಕನ್ನಡದಲ್ಲೂ ಒಂದು ಬೋರ್ಡು. ಎಷ್ಟು ದೂರ, ಎಲ್ಲಿ ಜಾರುತ್ತದೆ, ಕಷ್ಟಕ್ಕೆ ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿರಲಿ. ದಾರಿ ಕವಲೊಡೆಯುವ ಕಡೆ ಬಂಡೆಗೆ ಬಣ್ಣದ ಬಾಣದ ಗುರುತು. ಅಂಚಿನಿಂದ ಸಾಕಷ್ಟು ಹಿಂದೆ, ಅಲ್ಲಿನದೇ ಕಲ್ಲುಗಳ ಒಂದು ಸಾಲು. ಮುಖ್ಯವಾಗಿ, ಸಂಜೆ ಹೊತ್ತು ಒಬ್ಬರು ಕಾವಲಿಗೆ. ಎಲ್ಲರೂ ಸೂರ್ಯ ಮುಳುಗುವ ತನಕ ಗುಡ್ಡದ ಮೇಲೇ ಇರುತ್ತಾರೆ, ಆಮೇಲೆ ಅರ್ಧ ಗಂಟೆಯೊಳಗೆ ಕತ್ತಲು, ಆ ಕತ್ತಲಲ್ಲೇ ಮೊಬೈಲ್ ಬೆಳಕಲ್ಲಿ ಇಳಿಯಲು ಶುರು ಮಾಡುತ್ತಾರೆ. ಬೀಚಿನಲ್ಲಿ ಜೀವರಕ್ಷಕರು ಸೀಟಿ ಊದುತ್ತಾರಲ್ಲ, ಹಾಗೆಯೇ ಗುಡ್ಡದ ಮೇಲೂ ಸೀಟಿ, ಟಾರ್ಚ್ ಹಿಡಿದ ಒಬ್ಬರಿದ್ದರೆ ಎಷ್ಟೋ ಕಾಲು ಉಳಿಯುತ್ತವೆ.

ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಎಂಜಿನಿಯರ್ ಒಬ್ಬರ ಜೊತೆ ಈ ದಾರಿ ಬಲ್ಲ ಊರಿನವರೊಬ್ಬರನ್ನು ಕಳಿಸಿ. ಕಲ್ಲು ಎಲ್ಲಿ ಸಡಿಲ, ನೀರು ಎಲ್ಲಿ ಕೊರೆದಿದೆ ಅಂತ ಗುರುತು ಮಾಡಿಕೊಂಡು ಬರಲಿ. ಇದರಲ್ಲಿ ಕಟ್ಟುವ ಕೆಲಸ ಕಡಿಮೆ, ನೋಡಿಕೊಳ್ಳುವ ಕೆಲಸ ಜಾಸ್ತಿ. ಹಾಗಾಗಿ ಒಂದು ಸಲದ ಅನುದಾನಕ್ಕಿಂತ, ಪ್ರತಿ ವರ್ಷ ಸ್ವಲ್ಪ ಹಣವನ್ನು ಈ ದಾರಿಯ ಹೆಸರಿನಲ್ಲೇ ತೆಗೆದಿಡಿ.

ಇಂತಿ,
ಈ ದಾರಿಯಲ್ಲಿ ಆಗಾಗ ನಡೆಯುವ ಒಬ್ಬರು