ನಿಮ್ಮಪ್ಪನ ಮುತ್ತಜ್ಜನ ವಯಸ್ಸು

ಪುಟ್ಟಿ,

ನೀನು ಕಳಿಸಿದ ಐರ್ಲೆಂಡಿನ ಜನಗಣತಿಯ ಹಾಳೆಗಳನ್ನು ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ನೋಡಿದೆ. 1901ರಲ್ಲಿ ನಿಮ್ಮಪ್ಪನ ಮುತ್ತಜ್ಜನಿಗೆ 56 ವರ್ಷ, 1911ರಲ್ಲಿ 72! "ಅಪ್ಪ ಹೇಳಿದ್ದೆಲ್ಲ ಬುರುಡೆ ಅಮ್ಮ" ಅಂತ ಬರೆದಿದ್ದೀಯ. ಬುರುಡೆ ಹೌದು ಕಣೇ, ಆದರೆ ಬಿಟ್ಟವರು ನಿಮ್ಮಪ್ಪ ಅಲ್ಲ.

ಅಲ್ಲಿ 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ವೃದ್ಧಾಪ್ಯ ವೇತನ ಬರತೊಡಗಿತು. ಐರ್ಲೆಂಡಿನ ಪಶ್ಚಿಮ ತೀರದ ಮೇಯೋದ ಕಲ್ಲುನೆಲದಲ್ಲಿ ಆಲೂಗಡ್ಡೆ ಬೆಳೆದುಕೊಂಡಿದ್ದವರಿಗೆ ಅದೇನು ಸಣ್ಣ ದುಡ್ಡೇ? ವಯಸ್ಸಿಗೆ ದಾಖಲೆ ಕೊಡು ಅಂದರೆ ಎಲ್ಲಿಂದ ತರುವುದು? ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ನಮ್ಮ ಕಡೆ ಮೇಷ್ಟ್ರು ಅರ್ಧ ತರಗತಿಗೆ ಜೂನ್ 1 ಅಂತ ಹುಟ್ಟಿದ ದಿನ ಬರೆದುಬಿಡುತ್ತಿದ್ದರು, ನನ್ನದೂ ಅದೇ ಗುಂಪು. ಅಲ್ಲಿ ಗಾಳಿಯ ವಿಷಯ ಕೇಳುತ್ತಿದ್ದರು. 1839ರ ಜನವರಿ 6ರ ರಾತ್ರಿ ಬೀಸಿದ 'ದೊಡ್ಡ ಗಾಳಿ' ನೆನಪಿದೆಯೇ? ಇದ್ದರೆ 70 ಆಯಿತು ಅಂತ ಲೆಕ್ಕ.

ಇದನ್ನು ಹೇಳುವಾಗ ನಿಮ್ಮಪ್ಪ ಕೂತಲ್ಲಿ ಕೂರುತ್ತಿರಲಿಲ್ಲ. ಹಗಲೆಲ್ಲ ಎಲೆ ಅಲುಗದ ಹಾಗೆ ಸುಮ್ಮನಿದ್ದ ಆಕಾಶ, ಕತ್ತಲಾದ ಮೇಲೆ ಅಟ್ಲಾಂಟಿಕ್ ಕಡೆಯಿಂದ ಎದ್ದ ಗಾಳಿ, ಹುಲ್ಲಿನ ಮಾಡುಗಳು ಹಾರಿದ್ದು, ಒಲೆಯ ಕೆಂಡ ಎಗರಿ ಪಕ್ಕದ ಮನೆಗೆ ಬೆಂಕಿ ಬಿದ್ದದ್ದು, ಎಲ್ಲಕ್ಕೂ ಕೈಕಾಲು ಆಡುತ್ತಿದ್ದವು. ಕೊನೆಗೆ ವೇತನದ ಅಧಿಕಾರಿಯ ಮುಂದೆ ಟೋಪಿ ತೆಗೆದು ನಿಂತ ಮುತ್ತಜ್ಜ: "ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುತ್ತಿದ್ದೆ ಸ್ವಾಮಿ. ಮಾಡು ಹೋಯಿತು, ಆಲೂಗಡ್ಡೆ ಮಾತ್ರ ಬಿಡಲಿಲ್ಲ."

1901ರ ಹಾಳೆ ನಿಜವಾದರೆ ಅವನು ಹುಟ್ಟಿದ್ದು 1845ರ ಸುಮಾರಿಗೆ. ಅದು ಆಲೂಗಡ್ಡೆಗೆ ರೋಗ ಬಿದ್ದು ಮಹಾಕ್ಷಾಮ ಶುರುವಾದ ವರ್ಷ. ಗಾಳಿ ಬೀಸಿ ಆಗಲೇ ಆರು ವರ್ಷ ಕಳೆದಿತ್ತು! ಅವನ ಅಮ್ಮನೋ ಅಜ್ಜಿಯೋ ಒಲೆ ಮುಂದೆ ಎಷ್ಟು ಸಲ ಹೇಳಿದ್ದರೋ, ಅವರ ನೆನಪು ಇವನದೇ ಆಗಿಹೋಗಿತ್ತು. ಅದಕ್ಕೂ ಹಿಂದಿನ ಗಣತಿ ಹುಡುಕುತ್ತಾ ಕೂರಬೇಡ. 1821ರಿಂದ 1851ರವರೆಗಿನವು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಕಟ್ಟಡ, ಅಲ್ಲಿನ ದಾಖಲೆ ಕಚೇರಿ ಸಮೇತ, ಹೊತ್ತಿ ಉರಿದಾಗ ಬಹುಪಾಲು ಬೂದಿಯಾದವು.

1911ರ ಹಾಳೆಯಲ್ಲಿ ನಾನು ನಿಂತದ್ದು ವಯಸ್ಸಿನ ಹತ್ತಿರವಲ್ಲ. ಅವನ ಹೆಂಡತಿಯ ಸಾಲಿನಲ್ಲಿ ಬರೆದಿದೆ ನೋಡು: ಹುಟ್ಟಿದ ಮಕ್ಕಳು 9, ಬದುಕಿರುವವರು 6. ಕೆಳಗೆ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು. ಆ ಮೂರು ಮಕ್ಕಳ ಬಗ್ಗೆ ನಿಮ್ಮಪ್ಪ ಒಂದು ಕಥೆಯನ್ನೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ನಿಮ್ಮಪ್ಪ ಹೋದಾಗ ನೀನು ತುಂಬ ಚಿಕ್ಕವಳು, ಮಾಳಿಗೆಯ ಮೇಲೆ ನಿದ್ದೆ ಹೋಗಿದ್ದೆ. ಸಾವಿನ ಮನೆಯಲ್ಲಿ ಒಲೆ ಹಚ್ಚದ ಊರಿನಿಂದ ಹೋದವಳು ನಾನು. ಅಲ್ಲಿ ರಾತ್ರಿಯಿಡೀ ಚಹಾ, ಸ್ಯಾಂಡ್‌ವಿಚ್, ನಡುನಡುವೆ ಜಪಮಾಲೆ, ಆಮೇಲೆ ಮತ್ತೆ ನಗು. ಮೊದಮೊದಲು ಸಿಟ್ಟೇ ಬಂತು. ಅಷ್ಟರಲ್ಲಿ ಪಕ್ಕದ ಹೊಲದ ಮುದುಕರೊಬ್ಬರು, ತಮ್ಮ ಮುತ್ತಜ್ಜ ವೇತನದ ಅಧಿಕಾರಿಯನ್ನು ಯಾಮಾರಿಸಿದ ಕಥೆ ತೆಗೆದರು. ಅದೇ ಗಾಳಿ, ಅದೇ ಆಲೂಗಡ್ಡೆ! ಪೆಟ್ಟಿಗೆಯಲ್ಲಿ ಮಲಗಿದ್ದ ನಿಮ್ಮಪ್ಪ ಎದ್ದು ಜಗಳಕ್ಕೆ ನಿಲ್ಲುತ್ತಾರೇನೋ ಅನ್ನಿಸಿ ನನಗೂ ನಗು ತಡೆಯಲಾಗಲಿಲ್ಲ.

ವಂಶವೃಕ್ಷದಲ್ಲಿ ಯಾವ ವಯಸ್ಸು ಹಾಕಲಿ ಅಂತ ಕೇಳಿದ್ದೀಯ. ಎರಡನ್ನೂ ಹಾಕು, ಪಕ್ಕದಲ್ಲಿ 5 ಶಿಲಿಂಗ್ ಅಂತಲೂ ಬರೆ.

ಇನ್ನೊಂದು ಕೆಲಸ ಇದೆ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗದವರು ಪ್ರಾಥಮಿಕ ಶಾಲೆಯ ದೊಡ್ಡ ತರಗತಿಗಳ ಮಕ್ಕಳಿಂದ ಮನೆಯ ಹಿರಿಯರ ಕಥೆಗಳನ್ನು ಬರೆಸಿದ್ದರು. ಆ ಪುಸ್ತಕಗಳು ಈಗ ಅಂತರ್ಜಾಲದಲ್ಲಿವೆ. ನಿನ್ನ ಅಜ್ಜನಿಗೆ ಆಗ ಹನ್ನೆರಡು ವರ್ಷ. ಅವರ ಶಾಲೆಯ ಪುಟಗಳನ್ನು ತೆಗೆದು ನೋಡು, ದೊಡ್ಡ ಗಾಳಿಯ ಕಥೆ ಇದ್ದರೂ ಇರಬಹುದು. ಐರಿಷ್‌ನಲ್ಲಿದ್ದರೆ ಭಾನುವಾರ ಫೋನಿನಲ್ಲಿ ಓದಿ ಹೇಳು. ಆ ಮುದುಕರ ಮನೆಯ ಹುಡುಗನೇ ಮೊದಲು ಬರೆದುಬಿಟ್ಟಿದ್ದರೆ ಮಾತ್ರ ನಿನ್ನ ಚಿಕ್ಕಪ್ಪನಿಗೆ ಹೇಳಬೇಡ.

ನಿನ್ನ
ಅಮ್ಮ