ಕೊರಿಯಾದಲ್ಲಿ ನಾವು ಅಡ್ಡಗೋಡೆ ಮೇಲೆ ದೀಪ ಇಟ್ಟಿರಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಅಮೆರಿಕ ಸೋವಿಯತ್ ಶೀತಲ ಸಮರದ ಬಗ್ಗೆ ಒಂದಿಡೀ ಪುಟ ಹಾಕಿದ್ರಿ, ಓದಿದೆ. ಬರ್ಲಿನ್ ಗೋಡೆ, ಕ್ಯೂಬಾ ಕ್ಷಿಪಣಿ, ಗಗಾರಿನ್, ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್, ಎಲ್ಲಾ ಇತ್ತು, ಫೋಟೋಗಳೂ ಚೆನ್ನಾಗಿದ್ವು. ಕೊರಿಯಾಗೆ ಮಾತ್ರ ಎರಡು ಸಾಲು. ಅದ್ರಲ್ಲೂ ಒಂದು ತಪ್ಪು: 1953ರಲ್ಲಿ ಶಾಂತಿ ಒಪ್ಪಂದ ಆಗಿ ಯುದ್ಧ ಮುಗೀತು ಅಂತ ಬರೆದಿದ್ದೀರಿ, ಆದ್ರೆ ಆ ವರ್ಷ ಜುಲೈ 27ಕ್ಕೆ ಪಾನ್‌ಮುಂಜೊಮ್‌ನಲ್ಲಿ ಸಹಿ ಬಿದ್ದಿದ್ದು ಬರೀ ಕದನವಿರಾಮಕ್ಕೆ, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಹೋಗ್ಲಿ, ಅದು ಸಣ್ಣ ತಪ್ಪು. ನಾನು ಬರೆಯೋಕೆ ಕೂತಿದ್ದು ಕೊನೇ ಪ್ಯಾರಾ ಓದಿ. ಎರಡು ದೈತ್ಯರು ಬಡಿದಾಡ್ತಿದ್ದಾಗ ಭಾರತ ಅಲಿಪ್ತ ನೀತಿ, ಅಂದ್ರೆ ಯಾವ ಬಣಕ್ಕೂ ಸೇರಲ್ಲ ಅನ್ನೋ ನೀತಿ, ಅಂತ ಹೇಳ್ಕೊಂಡು ಅಡ್ಡಗೋಡೆ ಮೇಲೆ ದೀಪ ಇಟ್ಟು ಕೂತಿತ್ತು ಅಂತ ಲೇಖಕರು ಮುಗಿಸಿಬಿಟ್ಟಿದ್ದಾರೆ. ಕನ್ನಡ ಪತ್ರಿಕೆಯಲ್ಲಿ, ಅದೂ ಕೊಡಗಿನ ಓದುಗರೂ ಓದೋ ಪತ್ರಿಕೆಯಲ್ಲಿ, ಕೊರಿಯಾದ ಯುದ್ಧಕೈದಿಗಳ ಆಯೋಗ ನಡೆಸಿದ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರೇ ಇಲ್ದೆ ಈ ಮಾತು ಬರೋದು ಹೇಗೆ ಸ್ವಾಮಿ?

ಸ್ವಲ್ಪ ಹಿಂದಿನಿಂದ ಹೇಳ್ತೀನಿ. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲ್ತಿದ್ದ ಹಾಗೆ ವಾಷಿಂಗ್ಟನ್‌ನಲ್ಲಿ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ಒಂದು ಮ್ಯಾಪ್ ಹರಡ್ಕೊಂಡು 38ನೇ ಅಕ್ಷಾಂಶದಲ್ಲಿ ಗೆರೆ ಹಾಕಿದ್ರು, ಮೇಲಿನದು ರಷ್ಯಾ ಸೈನ್ಯ ನೋಡ್ಕೊಳ್ಳಲಿ ಕೆಳಗಿನದು ನಾವು ಅಂತ, ಸ್ಟಾಲಿನ್ ಕೂಡ ಒಪ್ಪಿದ. ಕೊರಿಯಾದವರನ್ನ ಒಂದು ಮಾತೂ ಯಾರೂ ಕೇಳಲಿಲ್ಲ. 1950ರ ಜೂನ್ 25ಕ್ಕೆ ಉತ್ತರದವರು ಆ ಗೆರೆ ದಾಟಿ ಬಂದ್ರು, ಅಮೆರಿಕ ವಿಶ್ವಸಂಸ್ಥೆ ಬಾವುಟ ಹಿಡ್ಕೊಂಡು ಇಳೀತು, ಶರತ್ಕಾಲದ ಹೊತ್ತಿಗೆ ಆಟ ತಿರುಗಿ ಅಮೆರಿಕದ ಜನರಲ್ ಮೆಕಾರ್ಥರ್ ಸೈನ್ಯ ಉತ್ತರಕ್ಕೆ ನುಗ್ಗೋಕೆ ರೆಡಿ ಆಯ್ತು. ಅಕ್ಟೋಬರ್ ಶುರುವಲ್ಲಿ ಒಂದು ನಡುರಾತ್ರಿ ಬೀಜಿಂಗ್‌ನಲ್ಲಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನ ಚೀನಾ ಪ್ರಧಾನಿ ಚೌ ಎನ್‌ಲಾಯ್ ಕರೆಸ್ಕೊಂಡು, ಅಮೆರಿಕನ್ನರು ಆ ಗೆರೆ ದಾಟಿದ್ರೆ ಚೀನಾ ಸುಮ್ನಿರಲ್ಲ ಅಂತ ಖಡಾಖಂಡಿತ ಹೇಳಿದ್ರು. ಪಣಿಕ್ಕರ್ ದೆಹಲಿಗೆ ತಿಳಿಸಿದ್ರು, ಅಲ್ಲಿಂದ ಸುದ್ದಿ ವಾಷಿಂಗ್ಟನ್‌ಗೂ ಹೋಯ್ತು, ಅಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಪಣಿಕ್ಕರ್ ಕಮ್ಯುನಿಸ್ಟರ ಕಡೆಯವರು ಅಂತ ತಳ್ಳಿಹಾಕಿದ್ರು. ಅದೇ ತಿಂಗಳು ಚೀನಾ ಸೈನ್ಯ ಗಡಿಯ ಯಾಲು ನದಿ ದಾಟಿ ಕೊರಿಯಾಗೆ ಬಂತು. ಗೋಡೆ ಮೇಲೆ ಸುಮ್ನೆ ಕೂತವನಿಗೆ ಯಾರಾದ್ರೂ ನಡುರಾತ್ರಿ ಕರೆಸಿ ಇಂಥ ಸುದ್ದಿ ಕೊಡ್ತಾರಾ?

ಆ ಯುದ್ಧಕ್ಕೆ ನಾವು ಬಂದೂಕು ಕಳಿಸಲಿಲ್ಲ, ಡಾಕ್ಟರ್‌ಗಳನ್ನ ಕಳಿಸಿದ್ವಿ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅದು, 1951ರ ಮಾರ್ಚಲ್ಲಿ ಅಮೆರಿಕನ್ ಪ್ಯಾರಾಟ್ರೂಪರ್‌ಗಳ ಜೊತೆ ವಿಮಾನದಿಂದ ಹಾರಿ ಗಾಯಾಳುಗಳನ್ನ ನೋಡ್ಕೊಂಡವರು ಇವರೇ.

ಆದ್ರೆ ನಿಜವಾದ ಕಗ್ಗಂಟು ಬಂದಿದ್ದು ಯುದ್ಧಕೈದಿಗಳ ವಿಷಯದಲ್ಲಿ. 1951ರ ಜುಲೈನಲ್ಲೇ ಮಾತುಕತೆ ಶುರುವಾಗಿತ್ತು. ಯುದ್ಧ ನಿಂತ ಮೇಲೆ ಕೈದಿಗಳನ್ನ ತಡ ಮಾಡದೆ ವಾಪಸ್ ಕಳಿಸ್ಬೇಕು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತೆ, ಚೀನಾ ಮತ್ತೆ ಉತ್ತರ ಕೊರಿಯಾ ಅದನ್ನೇ ಹಿಡ್ಕೊಂಡವು. ಹೋಗಲ್ಲ ಅನ್ನೋವನನ್ನ ಬಲವಂತವಾಗಿ ಕಳಿಸಲ್ಲ ಅಂತ ಅಮೆರಿಕ ಅಧ್ಯಕ್ಷ ಟ್ರೂಮನ್ ಹಠ. ಟ್ರೂಮನ್ ಮಾತಲ್ಲಿ ನ್ಯಾಯ ಇತ್ತು, ಎರಡನೇ ಮಹಾಯುದ್ಧ ಮುಗಿದಾಗ ರಷ್ಯಾದ ಕೈದಿಗಳನ್ನ ಬಲವಂತವಾಗಿ ಸ್ಟಾಲಿನ್ ಕೈಗೆ ಒಪ್ಪಿಸಿ ಅವರ ಗತಿ ಏನಾಯ್ತು ಅಂತ ಎಲ್ರೂ ನೋಡಿದ್ರು. ಹಾಗಂತ ಅಮೆರಿಕದ ಕ್ಯಾಂಪ್‌ಗಳೇನು ಸ್ವರ್ಗ ಆಗಿರಲಿಲ್ಲ, ದಕ್ಷಿಣ ಕೊರಿಯಾದ ಕೊಜೆ ದ್ವೀಪದಲ್ಲಿ ಕೈದಿಗಳೇ ಎರಡು ಪಂಗಡ ಆಗಿ ರಾತ್ರಿ ಹೊತ್ತು ಒಬ್ಬರನ್ನೊಬ್ಬರು ಕೊಲ್ತಿದ್ರು, ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಹಚ್ಚೆ ಹಾಕಿಸ್ತಿದ್ರು, 1952ರ ಮೇನಲ್ಲಿ ಕ್ಯಾಂಪ್ ಕಮಾಂಡರ್ ಜನರಲ್ ಡಾಡ್‌ನನ್ನೇ ಕೈದಿಗಳು ಹಿಡಿದು ಒಳಗೆ ಹಾಕ್ಕೊಂಡಿದ್ರು. ಈ ಒಂದೇ ಪ್ರಶ್ನೆ ಮೇಲೆ ಯುದ್ಧ ವರ್ಷಕ್ಕಿಂತ ಜಾಸ್ತಿ ಎಳೀತು, ಅಷ್ಟೂ ದಿನ ಗುಡ್ಡಗಳ ಮೇಲೆ ಎರಡೂ ಕಡೆ ಹುಡುಗ್ರು ಸಾಯ್ತಾನೇ ಇದ್ರು.

ಇದಕ್ಕೆ ದಾರಿ ತೋರಿಸಿದ್ದು ಭಾರತ. 1952ರ ಕೊನೇಲಿ ನಮ್ಮ ಪ್ರತಿನಿಧಿ ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಒಂದು ನಿರ್ಣಯ ತಂದ್ರು, ಕೈದಿಗಳನ್ನ ತಟಸ್ಥ ದೇಶಗಳ ಆಯೋಗದ ಕೈಗೆ ಕೊಡಿ, ಹೋಗೋದೋ ಬಿಡೋದೋ ಅಲ್ಲಿ ತೀರ್ಮಾನ ಆಗ್ಲಿ ಅಂತ. ಮೊದಮೊದಲು ಅಮೆರಿಕಕ್ಕೆ ಇಷ್ಟ ಆಗ್ಲಿಲ್ಲ, ಸೋವಿಯತ್ ವಿದೇಶಾಂಗ ಸಚಿವ ವಿಷಿನ್ಸ್ಕಿ ಅಂತೂ ಭಾರತವನ್ನ ಬಾಯಿಗೆ ಬಂದಂಗೆ ಬೈದ. ಮುಂದಿನ ಮಾರ್ಚಲ್ಲಿ ಸ್ಟಾಲಿನ್ ಸತ್ತ ಮೇಲೆ ಗಾಳಿ ತಿರುಗಿ, ಕೊನೆಗೆ ಹೆಚ್ಚುಕಮ್ಮಿ ಅದೇ ಸೂತ್ರದ ಮೇಲೆ ಕದನವಿರಾಮ ಆಯ್ತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲ್ಯಾಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ಮಧ್ಯದಲ್ಲಿ ಅಧ್ಯಕ್ಷತೆ ಭಾರತದ್ದು, ಅಂದ್ರೆ ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರದ್ದು. ಕೈದಿಗಳನ್ನ ಕಾಯೋಕೆ ಮೇಜರ್ ಜನರಲ್ ಥೋರಾಟ್ ಕೆಳಗೆ ಸುಮಾರು 6,000 ಭಾರತೀಯ ಸೈನಿಕರು. (ಇದೇ ಮೆನನ್ ಮತ್ತೆ ಇದೇ ತಿಮ್ಮಯ್ಯ 1959ರಲ್ಲಿ ರಕ್ಷಣಾ ಮಂತ್ರಿ ಮತ್ತೆ ಸೇನಾ ಮುಖ್ಯಸ್ಥ ಆಗಿ ಜಗಳಾಡಿ ತಿಮ್ಮಯ್ಯ ರಾಜೀನಾಮೆ ಕೊಡೋವರೆಗೂ ಹೋಯ್ತು, ಆಮೇಲೆ ನೆಹರು ಮಾತಿಗೆ ವಾಪಸ್ ತಗೊಂಡ್ರು, ಅದು ಬೇರೆ ಕಥೆ.)

ಅಲ್ಲಿಗೆ ಹೋಗಿದ್ದೇ ಒಂದು ಸಾಹಸ. ದಕ್ಷಿಣ ಕೊರಿಯಾ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ನನ್ನ ನೆಲಕ್ಕೆ ಕಾಲಿಡಬಾರದು ಅಂದ, ಹಂಗಾಗಿ ಇಂಚೋನ್ ಬಂದರಲ್ಲಿ ಹಡಗಿಂದಲೇ ಹೆಲಿಕಾಪ್ಟರ್ ಹತ್ತಿಸಿ ನಮ್ಮವರನ್ನ ಸೀದಾ ಎರಡೂ ಕೊರಿಯಾಗಳ ಮಧ್ಯದ ಸೇನಾರಹಿತ ವಲಯದೊಳಗೆ ಇಳಿಸಬೇಕಾಯ್ತು. ಅಲ್ಲಿ ಟೆಂಟ್ ಹಾಕ್ಕೊಂಡ ಜಾಗಕ್ಕೆ ಹಿಂದ್ ನಗರ ಅಂತ ಹೆಸರಿಟ್ಕೊಂಡ್ರು. ಅವರ ಸುಪರ್ದಿಗೆ ಬಂದಿದ್ದು ಊರಿಗೆ ಹೋಗಲ್ಲ ಅಂದ 22,000ಕ್ಕೂ ಹೆಚ್ಚು ಚೀನೀ ಮತ್ತೆ ಉತ್ತರ ಕೊರಿಯಾ ಕೈದಿಗಳು, ಜೊತೆಗೆ ಚೀನಾ, ಉತ್ತರ ಕೊರಿಯಾದವರ ಕೈಲಿ ಸೆರೆಸಿಕ್ಕು ಊರಿಗೆ ಹೋಗಲ್ಲ ಅಂದ 359 ಜನ, ಅದ್ರಲ್ಲಿ 23 ಅಮೆರಿಕನ್ನರು. ಸೆಪ್ಟೆಂಬರ್‌ನಲ್ಲಿ ಕೈದಿಗಳು ಮೇಜರ್ ಗ್ರೇವಾಲ್ ಅನ್ನೋ ನಮ್ಮ ಅಧಿಕಾರಿಯನ್ನ ಎಳ್ಕೊಂಡು ಹೋಗಿ ಕೂಡಿಹಾಕಿದಾಗ ಥೋರಾಟ್ ತಾವೇ ಒಳಗೆ ಹೋಗಿ ಮಾತಾಡಿ ಬಿಡಿಸ್ಕೊಂಡು ಬಂದ್ರು. ಯಾವಾಗಲೂ ಹಂಗೇ ನಡೀಲಿಲ್ಲ, ಅಕ್ಟೋಬರ್ ಶುರುವಿನಲ್ಲಿ ಗಲಾಟೆ ಕೈಮೀರಿ ನಮ್ಮವರು ಗುಂಡು ಹಾರಿಸಿದ್ರು, ಕೈದಿಗಳು ಸತ್ತರು. ಇದನ್ನೂ ಮುಚ್ಚಿಡಬಾರದು.

ಫಲಿತಾಂಶ? ಸತ್ಯ ಹೇಳ್ಬೇಕಂದ್ರೆ ಅರ್ಧಂಬರ್ಧ. ಪ್ರತಿ ಕೈದಿಗೂ ಅವನ ದೇಶದ ಅಧಿಕಾರಿಗಳು ಕೂತು ಊರಿಗೆ ಬಾ ಅಂತ ವಿವರಿಸ್ಬೇಕು ಅಂತ 90 ದಿನ ಇಟ್ಟಿದ್ರು, ನಡೆದಿದ್ದು ಬರೀ 10 ದಿನ. ಕೈದಿಗಳು ಟೆಂಟಿಗೆ ಬರೋಕೇ ಒಪ್ತಿರಲಿಲ್ಲ, ಬಂದವನ ಮುಂದೆ ಚೀನೀ ಅಧಿಕಾರಿಗಳು ಗಂಟೆಗಟ್ಟಲೆ ಕೊರೀತಿದ್ರು. ವಾಪಸ್ ಹೋದವರು 600 ಚಿಲ್ಲರೆ ಅಷ್ಟೇ. ಇವರನ್ನ ಏನು ಮಾಡ್ಬೇಕು ಅಂತ ತೀರ್ಮಾನಿಸಬೇಕಿದ್ದ ರಾಜಕೀಯ ಸಮಾವೇಶ ಸೇರಲೇ ಇಲ್ಲ. ಹಂಗಾಗಿ ತಿಮ್ಮಯ್ಯ 1954ರ ಜನವರಿಯಲ್ಲಿ, ನನಗೆ ಬಿಡುಗಡೆ ಮಾಡೋ ಅಧಿಕಾರನೂ ಇಲ್ಲ, ಅವಧಿ ಮೀರಿ ಇಟ್ಕೊಳ್ಳೋ ಅಧಿಕಾರನೂ ಇಲ್ಲ ಅಂತ ಕೈದಿಗಳನ್ನ ಯಾರಿಂದ ತಗೊಂಡಿದ್ರೋ ಅವರಿಗೇ ವಾಪಸ್ ಕೊಟ್ರು. ಚೀನಾ ಕೂಗಾಡಿತು, ಅಮೆರಿಕದವರು ಬಿಡುಗಡೆ ಅಂತ ಯಾಕೆ ಘೋಷಿಸಲಿಲ್ಲ ಅಂತ ಗೊಣಗಿದ್ರು. ಎರಡೂ ಕಡೆ ಬೈಸ್ಕೊಂಡ ಅಂಪೈರ್ ತರ ಆಯ್ತು ನಮ್ಮ ಪಾಡು. ಆಮೇಲೆ ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ನಮ್ಮ ಸೈನಿಕರನ್ನ ಹೊಗಳಿ ನೆಹರುಗೆ ಪತ್ರ ಬರೆದ, ಅದಾಗಿ ಕೆಲವೇ ತಿಂಗಳಲ್ಲಿ, ಮೇನಲ್ಲಿ, ಪಾಕಿಸ್ತಾನಕ್ಕೆ ಸೇನಾ ನೆರವಿನ ಒಪ್ಪಂದಕ್ಕೂ ಅಮೆರಿಕ ಸಹಿ ಹಾಕಿತು!

ಹಂಗಂತ ಅಲಿಪ್ತ ನೀತಿ ಅಂದ್ರೆ ಎಲ್ಲಾ ಸರಿ ಅಂತ ನಾನು ಭಜನೆ ಮಾಡ್ತಿಲ್ಲ. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ದಾಳಿ ಮಾಡಿದ ಬ್ರಿಟಿಷರ ಮೇಲೆ ತಕ್ಷಣ ಹರಿಹಾಯ್ದ ದೆಹಲಿ, ಅದೇ ವಾರ ಸೋವಿಯತ್ ಟ್ಯಾಂಕ್‌ಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದಾಗ ತಡವರಿಸಿತು. ಅಲ್ಲಿ ನಿಮ್ಮ ಲೇಖಕರ ಮಾತು ಒಪ್ತೀನಿ, ಅದನ್ನ ಉದಾಹರಣೆ ಕೊಟ್ಟು ಬೈದಿದ್ರೆ ನಾನು ಈ ಕಾಗದ ಬರೀತಾನೇ ಇರಲಿಲ್ಲ. ಆದ್ರೆ ಹಂಗೇರಿ ತಪ್ಪನ್ನ ಹೇಳದೆ ಕೊರಿಯಾ ಕೆಲಸವನ್ನೂ ಹೇಳದೆ ಒಂದೇ ಸಾಲಲ್ಲಿ ತೀರ್ಪು ಕೊಟ್ಟಿದ್ದು ಸೋಮಾರಿತನ.

ಇನ್ನೊಂದು ವಿಷಯ. ಆ ಕೈದಿಗಳಲ್ಲಿ 88 ಜನ ಆ ಕಡೆನೂ ಬೇಡ ಈ ಕಡೆನೂ ಬೇಡ, ಯಾವುದಾದ್ರೂ ತಟಸ್ಥ ದೇಶಕ್ಕೆ ಕಳಿಸಿ ಅಂದ್ರು. ಅವರನ್ನ ನಮ್ಮ ಸೈನಿಕರ ಜೊತೆ ಹಡಗಲ್ಲಿ ಮದ್ರಾಸಿಗೆ ಕರ್ಕೊಂಡು ಬಂದ್ರು. ಸುಮಾರು ಜನ ಆಮೇಲೆ ಬ್ರೆಜಿಲ್, ಅರ್ಜೆಂಟೀನಾ ಕಡೆ ಹೋದ್ರು, ಕೆಲವರು ಇಲ್ಲೇ ಉಳ್ಕೊಂಡು ಸಂಸಾರ ಮಾಡಿದ್ರು. ಇವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೇ ಲೇಖನ ನಾನು ಓದಿಲ್ಲ, ನಿಮ್ಮ ಪುರವಣಿಯವರೇ ಯಾಕೆ ಮಾಡ್ಬಾರದು? ಮಡಿಕೇರಿಯ ಸನ್ನಿ ಸೈಡ್, ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ ಆಗಿದೆ, ಅಲ್ಲಿಂದ ಶುರು ಮಾಡಬಹುದು. ಹಿಂದ್ ನಗರದಲ್ಲಿದ್ದ ಸೈನಿಕರ ಮನೆಗಳಲ್ಲಿ ಹಳೇ ಫೋಟೋ, ಕಾಗದ ಏನಾದ್ರೂ ಉಳಿದಿದ್ರೆ ಕಳಿಸಿಕೊಡಿ ಅಂತ ಪೇಪರಲ್ಲಿ ಒಂದು ಪ್ರಕಟಣೆ ಹಾಕಿ, ಬೇಗ ಹಾಕಿ, ಆಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ.

ಇಂತಿ,
ನಿಮ್ಮ ಹಳೇ ಓದುಗ
ಕುಶಾಲನಗರ